ವಿಳಾಸ ಕೊಡುವವರು ಇಬ್ಬರು

ಹದಿನೇಳು ವರ್ಷ ಗ್ರಂಥಾಲಯದಲ್ಲಿ ಏನೂ ಕೆಡದಂತೆ ನೋಡಿಕೊಂಡದ್ದೇ ತಂತಿ ಮೇಷ್ಟ್ರ ತಪ್ಪಾಯಿತು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಾಲ್ಕು ಮಹಡಿಯ ಆ ಸಾರ್ವಜನಿಕ ಗ್ರಂಥಾಲಯಕ್ಕೆ ಮೊದಲ ಕಂಪ್ಯೂಟರ್ ಬಂದ ದಿನದಿಂದ ಗೋಡೆ ಕೊರೆದವರು, ಕೇಬಲ್ ಎಳೆದವರು, ಒಂದೊಂದು ತುದಿಯನ್ನೂ ಕೈಯಾರೆ ಜೋಡಿಸಿದವರು ಅವರು. ಯಾರಾದರೂ ಕೇಬಲ್ ತುಳಿದರೆ ಅಲ್ಲೇ ನಿಲ್ಲಿಸಿಕೊಂಡು ಐದು ನಿಮಿಷ ಬುದ್ಧಿ ಹೇಳುತ್ತಿದ್ದರು. ಹೀಗಾಗಿ ಆ ಹೆಸರು ಅಂಟಿತ್ತು. ವರ್ಷಕ್ಕೊಮ್ಮೆ ನಿರ್ವಹಣೆಯ ಗುತ್ತಿಗೆ ಕಾಗದಕ್ಕೆ ಸಹಿ ಹಾಕುವುದು, ಮುಖ್ಯ ಗ್ರಂಥಪಾಲಕರ ಕೋಣೆಯಲ್ಲಿ ಕಾಫಿ ಕುಡಿಯುವುದು, ಇದು ನಡೆದುಕೊಂಡು ಬಂದಿತ್ತು. ಈ ಸಲ ಕಾಫಿ ಬಂತು, ಕಾಗದ ಬರಲಿಲ್ಲ.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ," ಎಂದರು ಮುಖ್ಯ ಗ್ರಂಥಪಾಲಕಿ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. "ಎರಡು ವರ್ಷದ ದೂರಿನ ಪುಸ್ತಕ ನೋಡ್ದೆ. ಒಂದೇ ಒಂದು ದೂರಿಲ್ಲ. ಏನೂ ಕೆಡ್ತಾನೇ ಇಲ್ಲ ಅಂದ್ಮೇಲೆ ರಿಪೇರಿಗೆ ಅಂತ ಒಬ್ರು ಯಾಕೆ ಅಂತ ಸಮಿತಿಯವರು ಕೇಳ್ತಿದಾರೆ. ಕಂಪ್ಯೂಟರ್ ವಿಭಾಗಕ್ಕೆ ಹುಡುಗಿ ಬಂದಿದಾಳಲ್ಲ, ಅವಳೇ ನೋಡ್ಕೋತಾಳೆ."

ಹುಡುಗಿ ಬೇರೆ ಯಾರೂ ಅಲ್ಲ, ಮೇಷ್ಟ್ರ ಹೆಂಡತಿಯ ಅಣ್ಣನ ಮಗಳು. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಕೆಲಸ ಖಾಲಿ ಇದೆ ಎಂದು ಹೇಳಿದವರು ಮೇಷ್ಟ್ರು, ಅರ್ಜಿ ತಂದುಕೊಟ್ಟವರು ಮೇಷ್ಟ್ರು, ಅದರಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿದವರೂ ಮೇಷ್ಟ್ರೇ. ಹತ್ತು ವರ್ಷದವಳಿದ್ದಾಗ ಅವಳಿಗೆ ಕೇಬಲ್ಲಿನ ಎಂಟು ಎಳೆಗಳ ಬಣ್ಣದ ಕ್ರಮ ಬಾಯಿಪಾಠ ಮಾಡಿಸಿದ್ದರು. ಈಗ ಅವಳೇ ತಮ್ಮ ಕುರ್ಚಿಯಲ್ಲಿ ಕೂತಿದ್ದಳು. ಅದೂ ತಾನು ಯಾರ ಕುರ್ಚಿಯಲ್ಲಿ ಕೂತಿದ್ದೇನೆ ಎಂಬ ಅರಿವೇ ಇಲ್ಲದೆ, ಎದುರಿಗೆ ಸಿಕ್ಕಾಗ "ಬನ್ನಿ ಸರ್" ಎಂದು ನಗುತ್ತಾ. ಕಚೇರಿಯಲ್ಲಿ ನೆಂಟಸ್ತನ ಬೇಡವೆಂದು ಹಾಗೆ ಕರೆಯಲು ಹೇಳಿಕೊಟ್ಟವರೂ ಅವರೇ. ಈಗ ಆ "ಸರ್" ಅವರ ಕಿವಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಅವರು ಕಾಫಿ ಪೂರ್ತಿ ಕುಡಿದು ಎದ್ದರು. ಮೆಟ್ಟಿಲಿಳಿಯುವಾಗಲೇ ನಿರ್ಧಾರವಾಗಿಬಿಟ್ಟಿತ್ತು. ಏನೂ ಕೆಡುತ್ತಿಲ್ಲ ಎಂಬುದು ತಾನೇ ಇವರ ದೂರು? ಕೆಟ್ಟರೆ ಏನಾಗುತ್ತದೆ ಎಂದು ನೋಡಲಿ.

ಕೇಬಲ್ ಕತ್ತರಿಸುವುದು ದಡ್ಡರ ಕೆಲಸ. ಕತ್ತರಿಸಿದ್ದು ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ಯಾರು ಬೇಕಾದರೂ ಸರಿಮಾಡುತ್ತಾರೆ. ಮೇಷ್ಟ್ರಿಗೆ ಬೇಕಾಗಿದ್ದುದು ಬಂದು ಹೋಗುವ ರೋಗ, ವೈದ್ಯರು ಬರುವ ಹೊತ್ತಿಗೆ ಜ್ವರ ಇಳಿದಿರುವಂಥದು. ವಾರವಿಡೀ ಯೋಚಿಸುವ ಅಗತ್ಯವೂ ಬೀಳಲಿಲ್ಲ. ಸ್ನಾನದ ಮನೆಯಲ್ಲಿ ಮೈಗೆ ಸೋಪು ಹಚ್ಚಿಕೊಳ್ಳುತ್ತಿದ್ದಾಗಲೇ ಉಪಾಯ ಪೂರ್ತಿಯಾಗಿ ಹೊಳೆಯಿತು.

ಕಂಪ್ಯೂಟರ್ ಎಚ್ಚರವಾದ ಕೂಡಲೇ ಮೊದಲು ಮಾಡುವ ಕೆಲಸ, "ನನಗೊಂದು ವಿಳಾಸ ಕೊಡಿ" ಎಂದು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗುವುದು. ಉತ್ತರ ಕೊಡಬೇಕಾದದ್ದು ಒಂದೇ ರೂಟರ್. ಅದು ಒಂದು ಅಂಕಿ ಕೊಟ್ಟು, ಇದು ನಿನ್ನ ವಿಳಾಸ, ಹೊರಗೆ ಹೋಗುವ ಬಾಗಿಲು ಇಲ್ಲಿದೆ ಎಂದು ತಿಳಿಸುತ್ತದೆ. ಆದರೆ ಅದೇ ಕಟ್ಟಡದಲ್ಲಿ ಇನ್ನೊಂದು ರೂಟರ್ ಇದ್ದು ಅದೂ ಉತ್ತರ ಕೊಟ್ಟರೆ? ಕಂಪ್ಯೂಟರಿಗೆ ಇಬ್ಬರಲ್ಲಿ ಯಾರು ಸಾಚಾ ಎಂದು ವಿಚಾರಿಸುವ ಬುದ್ಧಿ ಇಲ್ಲ. ಮೊದಲು ಬಂದ ಮಾತನ್ನು ನಂಬುತ್ತದೆ. ಗ್ರಂಥಾಲಯದ ದೊಡ್ಡ ರೂಟರ್ ಎಚ್ಚರಿಕೆಯ ಸ್ವಭಾವದ್ದು. ವಿಳಾಸ ಕೊಡುವ ಮೊದಲು ಆ ವಿಳಾಸದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಒಂದು ಸಲ ಕರೆದು ನೋಡುತ್ತದೆ. ಅದಕ್ಕೆ ಒಂದು ಸೆಕೆಂಡು ಹಿಡಿಯುತ್ತದೆ. ಮನೆಯಲ್ಲಿ ಬಳಸುವ ಸಣ್ಣ ರೂಟರಿಗೆ ಆ ಮರ್ಯಾದೆಯೆಲ್ಲ ಇಲ್ಲ. ಕೇಳಿದ ತಕ್ಷಣ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಆ ಒಂದು ಸೆಕೆಂಡಿನಲ್ಲಿ ಮೇಷ್ಟ್ರ ಇಡೀ ಸೇಡು ಆರಾಮವಾಗಿ ಕೂರುತ್ತಿತ್ತು.

ಮನೆಯ ಅಟ್ಟದಲ್ಲಿ ಹಳೆಯ ರೂಟರ್ ಒಂದು ಬಿದ್ದಿತ್ತು. ಹೋದ ವರ್ಷ ಹೊಸದು ತಂದಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹೊಸದಾಗಿ ಕೊಂಡರೆ ಅಂಗಡಿಯವನು ನೆನಪಿಟ್ಟುಕೊಂಡಾನು, ಇದಾದರೆ ಯಾರ ನೆನಪಿನಲ್ಲೂ ಇಲ್ಲ. ಮೇಷ್ಟ್ರು ಅದರ ತಳದ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತರು, ಅಂಟನ್ನು ಉಗುರಿನಲ್ಲಿ ಕೆರೆದರು, ಕನ್ನಡಕ ಒರೆಸುವ ಬಟ್ಟೆಯಿಂದ ಮೈಯೆಲ್ಲ ಒರೆಸಿದರು. ಆಮೇಲೆ ಅದರ ಒಳಗಿನ ಪುಟಗಳನ್ನು ತೆರೆದು ಒಂದೊಂದಾಗಿ ಬದಲಾಯಿಸತೊಡಗಿದರು. ವೈಫೈ ಬಂದ್. ಹಂಚುವ ಅಂಕಿಗಳು ಗ್ರಂಥಾಲಯದ ಅಂಕಿಗಳಂತೆಯೇ. ಹೊರಬಾಗಿಲು ಎಂದು ತೋರಿಸುವ ಜಾಗದಲ್ಲಿ ಯಾರೂ ವಾಸವಿಲ್ಲದ ವಿಳಾಸ. ಇದನ್ನು ನಂಬಿದ ಕಂಪ್ಯೂಟರ್ ದಿನವಿಡೀ ಗೋಡೆಗೆ ಹಣೆ ಚಚ್ಚಿಕೊಂಡು ಕೂರಬೇಕು.

ಇನ್ನು ಕುರುಹು. ವಿಳಾಸ ಕೊಟ್ಟವರು ಯಾರು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ, ಪುಟ್ಟಿ ಅದನ್ನು ನೋಡಿಯೇ ನೋಡುತ್ತಾಳೆ. ನೋಡಲಿ ಎಂದೇ ಮೇಷ್ಟ್ರು ಸಣ್ಣ ರೂಟರಿಗೆ ಎರಡನೇ ಮಹಡಿಯ ದೊಡ್ಡ ಪ್ರಿಂಟರಿನ ವಿಳಾಸವನ್ನೇ ಇಟ್ಟರು. ಅದರ ಕೊನೆಯ ಅಂಕಿ ಐವತ್ತು. ಪ್ರಿಂಟರಿನ ಬೆನ್ನಿಗೆ ಅಂಟಿಸಿರುವ ಯಂತ್ರ ಸಂಖ್ಯೆಯನ್ನೂ ನೆನಪಿನಿಂದ ತೆಗೆದು ಇದಕ್ಕೆ ಹಾಕಿದರು. ಕೌಂಟರಿನ ಗುಮಾಸ್ತ ಪ್ರಿಂಟರ್ ಶುರುಮಾಡುವುದು ತನ್ನ ಮೊದಲ ಚಹಾ ಮುಗಿದ ಮೇಲೆ, ಹತ್ತೂವರೆಗೆ. ಓದುವ ಹಾಲಿನ ಇಪ್ಪತ್ತೆರಡು ಕಂಪ್ಯೂಟರುಗಳು ಶುರುವಾಗುವುದು ಹತ್ತಕ್ಕೆ. ಆದ್ದರಿಂದ ರೂಟರಿನ ಪ್ಲಗ್ಗಿಗೆ ಒಂದು ಟೈಮರ್, ಮೀನಿನ ತೊಟ್ಟಿಯ ದೀಪಕ್ಕೆ ಹಾಕುವಂಥದು. ಒಂಬತ್ತು ಐವತ್ತಕ್ಕೆ ಹತ್ತಬೇಕು, ಹತ್ತು ಇಪ್ಪತ್ತಕ್ಕೆ ಆರಬೇಕು. ಪುಟ್ಟಿ ಹುಡುಕಿಕೊಂಡು ಹೊರಡುವಾಗ ಸಣ್ಣ ರೂಟರ್ ನಿದ್ದೆ ಹೋಗಿರುತ್ತದೆ, ಐವತ್ತನೇ ವಿಳಾಸದಲ್ಲಿ ಏನೂ ಅರಿಯದ ಪ್ರಿಂಟರ್ ಇರುತ್ತದೆ. ಲೆಕ್ಕ ಇಲ್ಲಿಗೆ ಬಂದಾಗ ಮೇಷ್ಟ್ರು ತಮ್ಮಷ್ಟಕ್ಕೆ ನಕ್ಕುಬಿಟ್ಟರು. ಪಕ್ಕದ ಕೋಣೆಯಿಂದ ಹೆಂಡತಿ, "ಏನ್ರೀ, ಒಬ್ರೇ ನಗ್ತಿದೀರಲ್ಲ?" ಎಂದು ಕೇಳಿದರು. "ಏನಿಲ್ಲ, ಏನೋ ನೆನಪಾಯ್ತು," ಎಂದರು ಮೇಷ್ಟ್ರು.

ಮೂರನೇ ಮಹಡಿಯಲ್ಲಿ ಹಳೆಯ ಪತ್ರಿಕೆಗಳ ಕೋಣೆ. ಅಲ್ಲಿ ಉಕ್ಕಿನ ಕಪಾಟಿನ ಹಿಂದೆ, ಯಾವ ನಕ್ಷೆಯಲ್ಲೂ ಇಲ್ಲದ ಒಂದು ಕೇಬಲ್ ಕೊನೆಯಾಗುತ್ತದೆ. ಹದಿಮೂರು ವರ್ಷದ ಹಿಂದೆ ಎಳೆದವರಿಗೆ ಮಾತ್ರ ಅದು ಗೊತ್ತು. ಗುತ್ತಿಗೆ ಹೋದರೂ ಮೇಷ್ಟ್ರ ಹತ್ತಿರ ಓದುಗರ ಚೀಟಿ ಇತ್ತು. ಹಳೆಯ ಪದಬಂಧಗಳನ್ನು ಬಿಡಿಸುವ ಹುಚ್ಚು ಹಿಡಿದಿದೆ ಎಂದರು. ಗುಮಾಸ್ತ ಕೈಗೆ ಬೀಗದ ಕೈ ಕೊಟ್ಟ. "ನಿಮಗಲ್ದೆ ಇನ್ಯಾರಿಗೆ ಕೊಡ್ಲಿ ಮೇಷ್ಟ್ರೇ," ಎಂದ. ಮೇಷ್ಟ್ರು ಅವನ ಮುಖ ನೋಡದೆ ಅದನ್ನು ತೆಗೆದುಕೊಂಡರು. ಆದರೂ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಒಂದು ಪದಬಂಧವನ್ನು ನಿಜವಾಗಿಯೂ ಬಿಡಿಸಿ, ಕೆಳಗಿಳಿದರು.

ಮರುದಿನ ಬೆಳಿಗ್ಗೆ ಹತ್ತೂ ಐದಕ್ಕೆ ಅವರು ಓದುವ ಹಾಲಿನ ಮೂಲೆಯಲ್ಲಿ ಪತ್ರಿಕೆ ಅಗಲಿಸಿಕೊಂಡು ಕೂತಿದ್ದರು. ಮೊದಲು ಒಬ್ಬ ವಿದ್ಯಾರ್ಥಿ ಕೈ ಎತ್ತಿದ. ಆಮೇಲೆ ನಿವೃತ್ತ ಅಂಚೆ ಮಾಸ್ತರರು. ಆಮೇಲೆ ಹಾಲಿನ ಅರ್ಧದಷ್ಟು ಜನ. ಪುಟ್ಟಿ ಓಡಿಬಂದಳು, ಕೇಬಲ್ ಕಿತ್ತು ಮತ್ತೆ ಹಾಕಿದಳು, ದೊಡ್ಡ ರೂಟರ್ ಇದ್ದ ಕೆಳಮಹಡಿಗೆ ಹೋಗಿ ಬಂದಳು, ಕಂಪ್ಯೂಟರುಗಳನ್ನು ಒಂದೊಂದಾಗಿ ಆರಿಸಿ ಹತ್ತಿಸಿದಳು. ಅಷ್ಟು ಹೊತ್ತಿಗೆ ಹತ್ತೂ ನಲವತ್ತು. ಎಲ್ಲವೂ ಸರಿಹೋದವು. ಯಾಕೆ ಸರಿಹೋದವು ಎಂದು ಅವಳಿಗೇ ತಿಳಿಯದೆ ನಿಂತದ್ದನ್ನು ಪತ್ರಿಕೆಯ ಮೇಲಂಚಿನಿಂದ ನೋಡಿದ ಮೇಷ್ಟ್ರಿಗೆ ಹೊಟ್ಟೆ ತಣ್ಣಗಾಯಿತು.

ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವಳು ಪ್ರಿಂಟರಿನ ಮುಂದೆ ನೆಲದಲ್ಲಿ ಕೂತು ಅದರ ಬಾಗಿಲುಗಳನ್ನೆಲ್ಲ ತೆರೆದಿದ್ದಳು. ಗುಮಾಸ್ತ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಅಲ್ಲಮ್ಮ, ಪ್ರಿಂಟರ್ ಕಾಗದ ಕೊಡುತ್ತೆ, ವಿಳಾಸ ಯಾಕೆ ಕೊಡುತ್ತೆ?" ಎಂದು ಕೇಳುತ್ತಿದ್ದ. ಅಂಥ ಒಳ್ಳೆಯ ಪ್ರಶ್ನೆಯನ್ನು ಅವನು ತನ್ನ ಜೀವನದಲ್ಲೇ ಕೇಳಿರಲಿಲ್ಲ. ಪುಟ್ಟಿಗೆ ಅಳು ಬರುವಂತಾಗಿತ್ತು. ಅಂಗೈಯೆಲ್ಲ ಕಪ್ಪು ಮಸಿ.

ಎರಡನೇ ವಾರ ಒಂದು ಘಟನೆ ನಡೆಯಿತು. ಹೊಲಿಗೆ ಕೆಲಸದ ಹೆಂಗಸೊಬ್ಬರು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಬೆಳಿಗ್ಗೆ ಹತ್ತಕ್ಕೇ ಬಂದು ಕಂಪ್ಯೂಟರಿನ ಮುಂದೆ ಕೂತರು. ದಾದಿಯರ ತರಬೇತಿಗೆ ಅರ್ಜಿ ಹಾಕಬೇಕಿತ್ತು. ಅಂದೇ ಕೊನೆಯ ದಿನ, ಹತ್ತೂವರೆಗೆ ಮುಚ್ಚುತ್ತದೆ. ಅರ್ಜಿಯ ಪುಟ ತೆರೆಯಲೇ ಇಲ್ಲ. ಅವರು ಯಾರನ್ನೂ ಬೈಯಲಿಲ್ಲ. ಗಡಿಯಾರ ನೋಡಿದರು, ಮತ್ತೆ ಪರದೆ ನೋಡಿದರು, ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಮೇಷ್ಟ್ರಿಗೆ ಪತ್ರಿಕೆಯ ಒಂದೇ ಸಾಲನ್ನು ನಾಲ್ಕು ಸಲ ಓದಬೇಕಾಯಿತು. ಎದ್ದು ಹೋಗಿ ಮೂರನೇ ಮಹಡಿಯ ಪ್ಲಗ್ ಕಿತ್ತುಬಿಡಲೇ ಎನ್ನಿಸಿತು. ಏಳಲು ಕುರ್ಚಿಯ ಕೈ ಹಿಡಿದೂ ಹಿಡಿದರು. ಅಷ್ಟರಲ್ಲಿ ಪುಟ್ಟಿ ತನ್ನ ಫೋನಿನ ಇಂಟರ್ನೆಟ್ಟನ್ನು ಆ ಕಂಪ್ಯೂಟರಿಗೆ ಕೊಟ್ಟು, ಪಕ್ಕದಲ್ಲಿ ಮಂಡಿಯೂರಿ ಕೂತು, ಹತ್ತೂವರೆಗೆ ಏಳು ನಿಮಿಷ ಇರುವಾಗ ಅರ್ಜಿ ಕಳಿಸಿಬಿಟ್ಟಳು. ಆ ಹೆಂಗಸು ಅವಳ ಎರಡೂ ಕೈ ಹಿಡಿದುಕೊಂಡರು. ಮೇಷ್ಟ್ರು ಮತ್ತೆ ಕೂತರು. ನೋಡು, ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಮನಸ್ಸಿಗೆ ಹೇಳಿದರು. ಮನಸ್ಸು ಹೂಂ ಎನ್ನಲು ಸ್ವಲ್ಪ ತಡಮಾಡಿತು.

ಆ ಭಾನುವಾರ ಪುಟ್ಟಿ ಊಟಕ್ಕೆ ಬಂದಿದ್ದಳು. ತಟ್ಟೆಯ ಮುಂದೆ ಕೂತರೂ ತುತ್ತು ಒಳಗಿಳಿಯುತ್ತಿರಲಿಲ್ಲ.

"ಮಾವ, ಬೆಳಿಗ್ಗೆ ಹತ್ತಕ್ಕೆ ಮಾತ್ರ ಹೀಗಾಗುತ್ತೆ. ಹತ್ತೂವರೆಗೆಲ್ಲ ಸರಿ ಹೋಗ್ಬಿಡುತ್ತೆ. ಏನಿರಬಹುದು?"

"ಕೇಬಲ್ ನೋಡಿದ್ಯಾ?"

"ಎಲ್ಲಾ ನೋಡ್ದೆ ಮಾವ."

"ಇನ್ನೊಂದ್ಸಲ ನೋಡು. ಕಣ್ಣಿಟ್ಟು ನೋಡ್ಬೇಕು. ಈಗಿನವರಿಗೆ ತಾಳ್ಮೆ ಕಡಿಮೆ."

"ಅಯ್ಯೋ, ಒಗಟು ಮಾಡ್ಬೇಡ್ರೀ," ಎಂದರು ಹೆಂಡತಿ. "ಪಾಪ, ಹುಡುಗಿ ಸೊರಗಿ ಹೋಗಿದಾಳೆ. ತಿಂಗಳ ಕೊನೇಲಿ ಅವಳನ್ನ ಕಾಯಂ ಮಾಡ್ಬೇಕೋ ಬೇಡ್ವೋ ಅಂತ ಸಮಿತಿ ಕೂರುತ್ತಂತೆ. ಹೋಗಿ ನೋಡ್ಕೊಟ್ಟು ಬನ್ನಿ."

"ನನ್ನನ್ನ ಯಾರು ಕರೆದಿದಾರೆ? ಕರೆಯದೆ ಹೋಗೋ ಅಭ್ಯಾಸ ನನಗಿಲ್ಲ."

ಕಾಯಂ ಮಾಡುವ ವಿಷಯ ಮೇಷ್ಟ್ರ ಲೆಕ್ಕದಲ್ಲಿ ಇರಲಿಲ್ಲ. ಅಂದು ಮಧ್ಯಾಹ್ನ ಮಲಗಿದರೂ ಕಣ್ಣು ಹತ್ತಲಿಲ್ಲ. ಮಗ್ಗುಲು ಬದಲಾಯಿಸುತ್ತಾ ದಾರಿ ಹುಡುಕಿದರು. ಮೇಡಂ ತಮ್ಮನ್ನು ಕರೆಯುತ್ತಾರೆ. ತಾವು ಹೋಗಿ ಸರಿಮಾಡುತ್ತಾರೆ. ಆಮೇಲೆ, ಹುಡುಗಿಯ ತಪ್ಪಲ್ಲ ಮೇಡಂ, ಇದು ಅನುಭವದ ವಿಷಯ, ಅವಳು ಕಂಪ್ಯೂಟರ್ ನೋಡಿಕೊಳ್ಳಲಿ, ಜಾಲ ನನಗಿರಲಿ ಎಂದು ದೊಡ್ಡ ಮನಸ್ಸಿನಿಂದ ಹೇಳುತ್ತಾರೆ. ಅವಳ ಕೆಲಸ ಉಳಿಯುತ್ತದೆ, ಅದೂ ತಮ್ಮ ಮಾತಿನಿಂದ. ಜೀವಮಾನವಿಡೀ ಕೃತಜ್ಞಳಾಗಿರುತ್ತಾಳೆ. ಹೀಗೆ ನೋಡಿದರೆ ಇದು ಅಪರಾಧವೇ ಅಲ್ಲ, ಒಂದು ರೀತಿಯಲ್ಲಿ ಉಪಕಾರ. ಈ ತೀರ್ಮಾನಕ್ಕೆ ಬಂದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಮರುವಾರ ಪುಟ್ಟಿ ಬದಲಾದಳು. ಓಡಾಟ ನಿಂತಿತು. ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರುಗಳು ಕೈಕೊಟ್ಟರೆ ಒಂದೊಂದರ ಮುಂದೂ ಒಂದು ನಿಮಿಷ ನಿಂತು, ಪರದೆ ನೋಡಿ, ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡು ಸುಮ್ಮನೆ ಮುಂದೆ ಹೋಗುತ್ತಿದ್ದಳು. ಒಂದೆರಡು ಸಲ ತುಟಿ ಕಚ್ಚಿ ನಗು ತಡೆದಂತೆಯೂ ಕಂಡಿತು. ಪಾಪ, ಸೋತವರು ಕೊನೆಗೆ ಹೀಗೆ ನಗುತ್ತಾರೆ ಎಂದುಕೊಂಡರು ಮೇಷ್ಟ್ರು. ಅವರನ್ನು ಏನೂ ಕೇಳುವುದನ್ನೂ ಬಿಟ್ಟಳು. ದಿನಾ ಎರಡು ಸಲ "ಚೆನ್ನಾಗಿದೀರಾ ಸರ್?" ಎಂದಷ್ಟೇ ವಿಚಾರಿಸುತ್ತಿದ್ದಳು.

ಗುರುವಾರ ಮೇಡಂ ಫೋನ್ ಮಾಡಿದರು. "ಮೇಷ್ಟ್ರೇ, ದಯವಿಟ್ಟು ಒಂದ್ಸಲ ಬಂದು ನೋಡಿ. ಆ ಹುಡುಗೀನೇ ಹೇಳಿದ್ಳು, ಇದನ್ನ ಸರಿಮಾಡೋಕೆ ಅವರೊಬ್ಬರಿಂದ ಮಾತ್ರ ಸಾಧ್ಯ ಮೇಡಂ, ಅವರನ್ನೇ ಕರೆಸಿ ಅಂತ."

ಮೇಷ್ಟ್ರ ಕಣ್ಣು ತುಂಬಿ ಬಂತು. ಎಷ್ಟಾದರೂ ತಾವು ತಿದ್ದಿದ ಹುಡುಗಿ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳೆಯ ಉಪಕರಣದ ಚೀಲ ಹೆಗಲಿಗೇರಿಸಿ, ಶುಕ್ರವಾರ ಒಂಬತ್ತೂ ಮುಕ್ಕಾಲಿಗೆ ಗ್ರಂಥಾಲಯದ ಮೆಟ್ಟಿಲು ಹತ್ತಿದರು. ಮುಂಚೆಯೇ ರೂಟರನ್ನು ಎತ್ತಿಬಿಡುವ ಆಲೋಚನೆ ಇತ್ತು. ಆದರೆ ಪೆಟ್ಟಿಗೆಯಲ್ಲಿ ಮದ್ದು ತುಂಬಿಕೊಂಡು ಹೋದ ವೈದ್ಯರಿಗೆ ರೋಗಿಯೇ ಎದ್ದು ಬಾಗಿಲು ತೆಗೆದರೆ ಏನು ಗೌರವ? ರೋಗ ಎಲ್ಲರ ಕಣ್ಣೆದುರಿಗೆ ಕಾಣಿಸಿಕೊಳ್ಳಲಿ. ಆಮೇಲೆ ತಾವು ತಂತಿಯ ಜಾಡು ಹಿಡಿದವರಂತೆ ಒಬ್ಬರೇ ಮೇಲೆ ಹೋಗುವುದು, ಕಪಾಟಿನ ಹಿಂದೆ ಕೈಹಾಕುವುದು, ಎಲ್ಲವನ್ನೂ ಚೀಲಕ್ಕೆ ಇಳಿಸುವುದು, ಕೆಳಗೆ ಬಂದು "ಒಂದು ಸಂಧಿ ಸಡಿಲವಾಗಿತ್ತು" ಎನ್ನುವುದು.

ಓದುವ ಹಾಲಿನಲ್ಲಿ ಜನ ಸೇರಿದ್ದರು. ಮೇಡಂ, ಗುಮಾಸ್ತ, ಸಮಿತಿಯ ಇಬ್ಬರು ಹಿರಿಯರು, ಏನು ನಡೆಯುತ್ತಿದೆ ಎಂದು ಕುರ್ಚಿ ತಿರುಗಿಸಿಕೊಂಡ ಓದುಗರು. ಪುಟ್ಟಿ ಎಲ್ಲರಿಗೂ ಕಾಣಲೆಂದು ಪ್ರೊಜೆಕ್ಟರ್ ಜೋಡಿಸಿಟ್ಟಿದ್ದಳು. ಅದನ್ನು ಕಂಡು ಮೇಷ್ಟ್ರಿಗೆ ಅವಳ ಮೇಲೆ ಇನ್ನಷ್ಟು ಅಭಿಮಾನ ಬಂತು.

ಹತ್ತು ಗಂಟೆ. ಕಂಪ್ಯೂಟರ್ ಹತ್ತಿತು, ಇಂಟರ್ನೆಟ್ ಬರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಕಂಪ್ಯೂಟರಿಗೆ ಆದೇಶ ಬರೆಯುವ ಕಪ್ಪು ಕಿಟಕಿ ತೆರೆದರು. ಬಿಳಿಯ ಸಾಲುಗಳು ಗೋಡೆಯ ಮೇಲೆ ಮೂಡಿದವು. ಅವರು ಸ್ಕೇಲು ಹಿಡಿದು ತೋರಿಸುತ್ತಾ, ಹದಿನೇಳು ವರ್ಷದಿಂದ ನೋಡುತ್ತಿರುವ ಸಾಲುಗಳಿಗೆ ನೇರವಾಗಿ ಬಂದರು. "ಇದು ಕಂಪ್ಯೂಟರಿನ ವಿಳಾಸ. ಇದು ಹೊರಬಾಗಿಲು, ನೋಡಿ, ಇದೇ ತಪ್ಪಾಗಿದೆ. ಇದು ವಿಳಾಸ ಕೊಟ್ಟವರು, ಐವತ್ತು. ಇಷ್ಟನ್ನ ನೋಡಿದ್ರೆ ಸಾಕು ಮೇಡಂ, ರೋಗ ಎಲ್ಲಿದೆ ಅಂತ ಗೊತ್ತಾಗ್ಬಿಡುತ್ತೆ. ಆದ್ರೆ ಅನುಭವ ಬೇಕು."

"ಅದ್ಭುತ," ಎಂದರು ಸಮಿತಿಯ ಹಿರಿಯರೊಬ್ಬರು.

"ಮಾವ," ಎಂದಳು ಪುಟ್ಟಿ. ಗ್ರಂಥಾಲಯದೊಳಗೆ ಅವಳು ಹಾಗೆ ಕರೆದದ್ದು ಅದೇ ಮೊದಲು. "ಎಲ್ಲಾ ಓದಿದ್ರಿ, ಮೇಲಿನ ಒಂದು ಸಾಲು ಬಿಟ್ರಿ. ನೀವೇ ಹೇಳಿದ್ರಲ್ಲ, ಕಣ್ಣಿಟ್ಟು ನೋಡ್ಬೇಕು ಅಂತ. ಅದನ್ನೂ ಓದಿ."

ಆ ಸಾಲನ್ನು ಯಾರೂ ಓದುವುದಿಲ್ಲ. ಹೆಚ್ಚು ಕಡೆ ಅದು ಖಾಲಿಯೇ ಇರುತ್ತದೆ. ರೂಟರ್ ವಿಳಾಸದ ಜೊತೆಗೆ ತನ್ನ ಜಾಲದ ಹೆಸರನ್ನೂ ಹಂಚಿದರೆ ಅದು ಅಲ್ಲಿ ಬರುತ್ತದೆ, ಅಷ್ಟೇ. ಒಂಬತ್ತು ವರ್ಷದ ಹಿಂದೆ ಆ ರೂಟರನ್ನು ಮನೆಯಲ್ಲಿ ಮೊದಲ ಸಲ ಹತ್ತಿಸಿದಾಗ ಅದು, ನಿಮ್ಮ ಮನೆಯ ಜಾಲಕ್ಕೆ ಏನು ಹೆಸರು ಎಂದು ಕೇಳಿತ್ತು. ಮೇಷ್ಟ್ರು ಏಣಿಯ ಮೇಲೆ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಏನಾದರೊಂದು ಬರಿ ಎಂದು ಕೈಸನ್ನೆ ಮಾಡಿದ್ದರು. ಹೆಂಡತಿ ಬರೆದಿದ್ದರು. ಬದಲಾಯಿಸಬೇಕಾದ ಪುಟಗಳನ್ನೆಲ್ಲ ಬದಲಾಯಿಸಿದ ಮೇಷ್ಟ್ರಿಗೆ ಆ ಹೆಸರಿನ ಪುಟವನ್ನು ತೆರೆಯಬೇಕೆಂದು ಹೊಳೆದಿರಲಿಲ್ಲ. ಇಪ್ಪತ್ತೆರಡು ಕಂಪ್ಯೂಟರುಗಳು ಮೂರು ವಾರದಿಂದ ಪ್ರತಿ ಬೆಳಿಗ್ಗೆ ಅದನ್ನು ಪರದೆಯ ಮೇಲೆ ಹೊತ್ತು ಕೂತಿದ್ದವು. ಈಗ ಗೋಡೆಯ ಮೇಲೆ ಒಂದೊಂದು ಅಕ್ಷರವೂ ಅಂಗೈಯಗಲ ಇತ್ತು. ಮೇಡಂ ಕನ್ನಡಕ ಸರಿಮಾಡಿಕೊಂಡು ಆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದರು. "ಗೊ... ಣ... ಗಪ್ಪ. ಗೊಣಗಪ್ಪ? ಯಾರಮ್ಮ ಇದು?" ಅಡುಗೆಮನೆಯಲ್ಲಿ ಹೆಂಡತಿ ಗಂಡನನ್ನು ಕರೆಯುವ ಆ ಹೆಸರು ಜಗತ್ತಿನಲ್ಲಿ ಮೂರೇ ಜನರಿಗೆ ಗೊತ್ತಿತ್ತು, ಅವರಲ್ಲಿ ಇಬ್ಬರು ಆ ಹಾಲಿನಲ್ಲಿದ್ದರು. ಪುಟ್ಟಿ ಒಂದು ಕುರ್ಚಿ ಎಳೆದು ಮೇಷ್ಟ್ರ ಹಿಂದೆ ಇಟ್ಟಳು, ಅವರು ಕೂರುವವರೆಗೂ ಅದರ ಬೆನ್ನು ಹಿಡಿದುಕೊಂಡು ನಿಂತಳು. "ಮಾವನೇ ಹೇಳ್ತಾರೆ ಮೇಡಂ," ಎಂದಳು.